ಇಪ್ಪತ್ತು ಪುಟಗಳಲ್ಲಿ ಏನಾಯಿತು?

1992ರ ನವೆಂಬರ್ 18ರಂದು ಅಮೆರಿಕದ ಕಾಮಿಕ್ಸ್ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಅಂದು ಮಾರಾಟಕ್ಕೆ ಬಂದದ್ದು ‘ಸೂಪರ್‌ಮ್ಯಾನ್’ ಮಾಸಿಕದ 75ನೇ ಸಂಚಿಕೆ. ಸೂಪರ್‌ಮ್ಯಾನ್ ಸಾಯುತ್ತಾನಂತೆ ಎಂಬ ಸುದ್ದಿ ಪತ್ರಿಕೆ, ಟಿವಿಗಳಲ್ಲೆಲ್ಲ ಮೊದಲೇ ಹಬ್ಬಿತ್ತು. ಸಂಗ್ರಹಕಾರರಿಗೆಂದೇ ಮಾಡಿದ ಪ್ರತಿಯನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿದ್ದರು; ಚೀಲದ ಮೇಲೆ ರಕ್ತ ತೊಟ್ಟಿಕ್ಕುವ ಲಾಂಛನ, ಒಳಗೆ ತೋಳಿಗೆ ಕಟ್ಟಿಕೊಳ್ಳಲು ಶೋಕದ ಕಪ್ಪುಪಟ್ಟಿ. ಮುಂದೆ ಒಳ್ಳೆಯ ಬೆಲೆ ಬಂದೀತು ಎಂದು ಚೀಲ ಬಿಚ್ಚದೆ ಹಾಗೆಯೇ ಬೀರುವಿಗೆ ಸೇರಿಸಿದವರಿಗೆ ಲೆಕ್ಕವಿಲ್ಲ. ಮರುವರ್ಷವೇ ಸೂಪರ್‌ಮ್ಯಾನ್ ಎದ್ದು ಬಂದ. ಮಾರುಕಟ್ಟೆಯ ತುಂಬ ಅದೇ ಪ್ರತಿ ಇದ್ದುದರಿಂದ ಬೆಲೆಯೂ ಏರಲಿಲ್ಲ. ಆದರೆ ಚೀಲ ಬಿಚ್ಚಿ ನಿಜವಾಗಿ ಓದಿದವರಿಗೆ ಇನ್ನೊಂದು ಸಂಗತಿ ಕಂಡಿರಬೇಕು. ಸಾವಿನ ಕಥೆಯ ಕೊನೆಯ ನಾಲ್ಕು ಕಂತುಗಳು ನಾಲ್ಕು ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದವು. ಮೊದಲನೆಯದರಲ್ಲಿ ಪುಟಕ್ಕೆ ನಾಲ್ಕು ಚೌಕಟ್ಟು, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಎರಡು. ಡ್ಯಾನ್ ಜರ್ಗೆನ್ಸ್ ಬರೆದು, ಬ್ರೆಟ್ ಬ್ರೀಡಿಂಗ್ ಜೊತೆ ಸೇರಿ ಚಿತ್ರಿಸಿದ 75ನೇ ಸಂಚಿಕೆಯಲ್ಲಿ ಪುಟಕ್ಕೆ ಒಂದೇ ಒಂದು ಚಿತ್ರ. ಹೊಡೆತಗಳು ದೊಡ್ಡವಾಗುತ್ತ ಹೋದಂತೆ ಅವುಗಳ ನಡುವಿನ ಬಿಡುವು ಇಲ್ಲವಾಗುತ್ತದೆ. ಸಾವು ಹತ್ತಿರ ಬಂತೆಂದು ಯಾರೂ ಬಾಯಿಬಿಟ್ಟು ಹೇಳದೆಯೇ ಓದುಗನ ಕಣ್ಣಿಗೆ ಗೊತ್ತಾಗುತ್ತದೆ.

ಸಾವೆಂಬ ಸುದ್ದಿ ಒಂದು ವರ್ಷವೂ ಬಾಳಲಿಲ್ಲ, ಚೌಕಟ್ಟುಗಳ ಆ ಎಣಿಕೆ ಮಾತ್ರ ಇಂದಿಗೂ ಹಾಗೇ ಇದೆ. ಸೂಪರ್‌ಹೀರೋ ಕಾಮಿಕ್ಸಿನ ಹೊಸ ಸಂಚಿಕೆಗಳನ್ನು ಓದಿ ಬೆಲೆಕಟ್ಟುವ ಇಂದಿನ ರೂಢಿಯನ್ನು ನೋಡಿದಾಗಲೆಲ್ಲ ಈ ವ್ಯತ್ಯಾಸ ನೆನಪಾಗುತ್ತದೆ. ವಾರವಾರವೂ ಬರುವ ವಿಮರ್ಶೆಗಳಿಗೆ ಒಂದು ಅಚ್ಚು ಸಿದ್ಧವಾಗಿದೆ: ಮುಕ್ಕಾಲು ಪಾಲು ಕಥಾಸಾರ, ಆಮೇಲೆ ‘ಇದರಿಂದ ಮುಂದೇನಾಗಬಹುದು’ ಎಂಬ ಊಹೆ, ಕೊನೆಗೆ ‘ಚಿತ್ರಗಳೂ ಚೆನ್ನಾಗಿವೆ’ ಎಂಬ ಒಂದು ಸಾಲು, ಅದರ ಕೆಳಗೆ ಹತ್ತಕ್ಕೆ ಇಷ್ಟು ಎಂಬ ಅಂಕ. ಸಂಚಿಕೆ ಮುಖ್ಯವೋ ಅಲ್ಲವೋ ಎಂಬುದನ್ನು ಅದರಿಂದ ಪಾತ್ರಗಳ ಬದುಕಿನಲ್ಲಿ ಏನು ಬದಲಾಯಿತು ಎಂಬುದರ ಮೇಲೆ ನಿರ್ಧರಿಸುತ್ತಾರೆ. ನನ್ನ ವಾದ ಸರಳವಾದದ್ದು. ಈ ಪ್ರಕಾರದಲ್ಲಿ ಪರಿಣಾಮವೆಂಬುದು ಅತ್ಯಂತ ದುರ್ಬಲ ಅಳತೆಗೋಲು. ಒಂದು ಸಂಚಿಕೆ ಅಂದರೆ ಸುಮಾರು 20 ಪುಟ. ಆ ಪುಟಗಳನ್ನು ಹೇಗೆ ಖರ್ಚು ಮಾಡಿದ್ದಾರೆ ಎಂಬುದರ ಮೇಲೆ ಅದರ ಯೋಗ್ಯತೆ ನಿರ್ಧಾರವಾಗಬೇಕು.

ಪರಿಣಾಮ ಏಕೆ ದುರ್ಬಲ ಅಳತೆಗೋಲು ಎಂಬುದಕ್ಕೆ ಈಚಿನ ಒಂದು ಪ್ರಕರಣ ಸಾಕು. 2023ರ ಮೇ ಕೊನೆಯಲ್ಲಿ ಬಂದ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 26ನೇ ಸಂಚಿಕೆಯಲ್ಲಿ ಕಮಲಾ ಖಾನ್, ಅಂದರೆ ಮಿಸ್ ಮಾರ್ವೆಲ್, ಸತ್ತಳು. ಬರೆದವರು ಝೆಬ್ ವೆಲ್ಸ್, ಚಿತ್ರಿಸಿದವರು ಜಾನ್ ರೊಮಿಟಾ ಜೂನಿಯರ್. ಸಂಚಿಕೆ ಅಂಗಡಿಗೆ ಬರುವ ಮೊದಲೇ ಸುದ್ದಿ ಹೊರಬಿದ್ದು, ಓದುವ ಮುನ್ನವೇ ಜಗಳ ಶುರುವಾಗಿತ್ತು. ಜುಲೈ ಮುಗಿಯುವುದರೊಳಗೆ ಎಕ್ಸ್-ಮೆನ್ ಪಾಳಯದ ‘ಹೆಲ್‌ಫೈರ್ ಗಾಲಾ’ ಸಂಚಿಕೆಯಲ್ಲಿ ಅವಳನ್ನು ಮತ್ತೆ ಬದುಕಿಸಿದರು. ಅದೇ ನವೆಂಬರ್‌ನಲ್ಲಿ ಅವಳು ಮುಖ್ಯಪಾತ್ರದಲ್ಲಿರುವ ‘ದಿ ಮಾರ್ವಲ್ಸ್’ ಸಿನಿಮಾ ತೆರೆಗೆ ಬರುವುದಿತ್ತು. ಲೆಕ್ಕ ಬಲ್ಲವರು ಮೊದಲ ದಿನವೇ ಇದನ್ನೆಲ್ಲ ಊಹಿಸಿದ್ದರು. ಈಗ ಆ 26ನೇ ಸಂಚಿಕೆಯನ್ನು ‘ದೊಡ್ಡ ಘಟನೆ’ ಎಂದು ಹೊಗಳಿದವರ ಮಾತಿಗೂ ‘ಅನ್ಯಾಯದ ಸಾವು’ ಎಂದು ತೆಗಳಿದವರ ಮಾತಿಗೂ ಆಧಾರವಾಗಿದ್ದ ಘಟನೆಯೇ ಉಳಿದಿಲ್ಲ. ಉಳಿದಿರುವುದು ಪುಟಗಳು. ಅವುಗಳಲ್ಲಿ ಕಮಲಾ ಎಷ್ಟು ಚೌಕಟ್ಟುಗಳಲ್ಲಿ ಇದ್ದಾಳೆ, ಸಾಯುವ ಮುನ್ನ ಅವಳಿಗೆ ಅವಳದೇ ಆದ ಒಂದು ಗಳಿಗೆ ಸಿಕ್ಕಿದೆಯೇ, ಕೊನೆಯ ಪುಟಗಳಲ್ಲಿ ಯಾರ ಮುಖವನ್ನು ಹತ್ತಿರದಿಂದ ತೋರಿಸಿದ್ದಾರೆ ಎಂಬ ಪ್ರಶ್ನೆಗಳು ಇವತ್ತಿಗೂ ಕೇಳಬಹುದಾದವು. ಅವುಗಳಿಗೆ ಸಿಗುವ ಉತ್ತರ ಆ ಸಂಚಿಕೆಗೆ ಗೌರವ ತರುವಂಥದ್ದಲ್ಲ. ಬೇರೊಬ್ಬಳ ವೇಷ ತೊಟ್ಟು, ಬೇರೊಬ್ಬನ ಪತ್ರಿಕೆಯಲ್ಲಿ, ಬೇರೆಯವರ ಕಥೆಯ ಗಂಟು ಬಿಡಿಸಲು ಅವಳು ಸಾಯುತ್ತಾಳೆ.

ಎಲ್ಲ ಸಾವೂ ಹೀಗೆ ಅಳಿಸಿಹೋಗುವುದಿಲ್ಲ, ಕೆಲವು ಶಾಶ್ವತ ಎಂದು ಯಾರಾದರೂ ಹೇಳಿಯಾರು. ನಿಜ. 1973ರ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 121ನೇ ಸಂಚಿಕೆಯಲ್ಲಿ ಸೇತುವೆಯಿಂದ ಬಿದ್ದು ಸತ್ತ, ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿ ದಶಕಗಳೇ ಕಳೆದರೂ ಅದೇ ಗ್ವೆನ್ ಆಗಿ ತಿರುಗಿ ಬರಲಿಲ್ಲ. ಆದರೆ ಅರ್ಧ ಶತಮಾನದಿಂದ ಓದುಗರು ಆ ಸಂಚಿಕೆಯಲ್ಲಿ ಏನನ್ನು ಚರ್ಚಿಸುತ್ತಿದ್ದಾರೆ? ಗಿಲ್ ಕೇನ್ ಚಿತ್ರಿಸಿದ ಒಂದು ಚೌಕಟ್ಟನ್ನು. ಬೀಳುತ್ತಿರುವ ಗ್ವೆನ್‌ಳ ಕಾಲಿಗೆ ಸ್ಪೈಡರ್-ಮ್ಯಾನ್ ಎಸೆದ ಬಲೆ ಹಿಡಿದುಕೊಳ್ಳುತ್ತದೆ, ಅದೇ ಕ್ಷಣ ಅವಳ ಕುತ್ತಿಗೆಯ ಬಳಿ ‘ಸ್ನ್ಯಾಪ್’ ಎಂಬ ಚಿಕ್ಕ ಸದ್ದಿನ ಅಕ್ಷರಗಳು. ಅವಳನ್ನು ಕೊಂದದ್ದು ಗ್ರೀನ್ ಗಾಬ್ಲಿನ್ನೋ, ಬೀಳುವಿಕೆಯೋ, ಉಳಿಸಲು ಎಸೆದ ಬಲೆಯೋ ಎಂಬ ಅನುಮಾನ ಹುಟ್ಟಿದ್ದೇ ಆ ಪುಟ್ಟ ಬರಹದಿಂದ. ಅದೊಂದನ್ನು ಬಿಟ್ಟಿದ್ದರೆ ಇದು ಖಳನಾಯಕ ಮಾಡಿದ ಇನ್ನೊಂದು ಕೊಲೆಯಾಗುತ್ತಿತ್ತು. ಶಾಶ್ವತವೆನಿಸಿದ ಸಾವು ಕೂಡ ನೆನಪಿನಲ್ಲಿ ನಿಂತದ್ದು ಪುಟದ ಮೇಲಿನ ಒಂದು ನಿರ್ಧಾರದಿಂದ.

ಹಾಗಾದರೆ ಪರಿಣಾಮದ ಈ ಅಳತೆಗೋಲು ವಿಮರ್ಶಕರ ಕೈಗೆ ಬಂದದ್ದು ಎಲ್ಲಿಂದ? ಅಂಗಡಿಯಿಂದ. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬ ನ್ಯೂಯಾರ್ಕಿನ ವ್ಯಾಪಾರಿ ಪ್ರಕಾಶಕರ ಜೊತೆ ಹೊಸ ಒಪ್ಪಂದ ಮಾಡಿಕೊಂಡ: ಕಾಮಿಕ್ಸ್ ಅಂಗಡಿಗಳಿಗೆ ಹೆಚ್ಚಿನ ರಿಯಾಯಿತಿ, ಆದರೆ ಉಳಿದ ಪ್ರತಿಗಳನ್ನು ವಾಪಸು ಮಾಡುವಂತಿಲ್ಲ. ಇಂದಿಗೂ ಅಮೆರಿಕದ ಕಾಮಿಕ್ಸ್ ವ್ಯಾಪಾರದ ಬುಡ ಇದೇ. ಅಂಗಡಿಯವರು ಸಂಚಿಕೆಯ ಮುಖ ನೋಡುವ ಮೊದಲೇ, ಪ್ರಕಾಶಕರ ಪಟ್ಟಿಯಲ್ಲಿನ ಎರಡು ಸಾಲು ವಿವರಣೆ ನಂಬಿ ಎಷ್ಟು ಪ್ರತಿ ಬೇಕೆಂದು ಹೇಳಬೇಕು. ಮಾರಾಟವಾಗದಿದ್ದರೆ ನಷ್ಟ ಅವರದೇ. ಇಂಥ ವ್ಯವಸ್ಥೆಯಲ್ಲಿ ಎರಡು ಸಾಲಿನಲ್ಲಿ ಏನನ್ನು ಮಾರಲು ಸಾಧ್ಯ? ‘ಚೌಕಟ್ಟುಗಳ ಜೋಡಣೆ ಸೊಗಸಾಗಿದೆ’ ಎಂದರೆ ಯಾರೂ ಹತ್ತು ಪ್ರತಿ ಹೆಚ್ಚಿಗೆ ತರಿಸುವುದಿಲ್ಲ. ‘ಈ ಸಂಚಿಕೆಯ ನಂತರ ಯಾವುದೂ ಮೊದಲಿನಂತಿರುವುದಿಲ್ಲ’ ಎಂದರೆ ತರಿಸುತ್ತಾರೆ. ಜೊತೆಗೆ ಒಂದೇ ಸಂಚಿಕೆಗೆ ಹಲವು ಮುಖಪುಟ. 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಐದು ಮುಖಪುಟಗಳೊಂದಿಗೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅದರಲ್ಲಿ ಅಂಗಡಿಗಳ ಹಿಂದಿನ ಕೋಣೆಯಲ್ಲೇ ಕೊಳೆತದ್ದು ಬಹಳ. ಆ ಉಬ್ಬರ ಇಳಿದಾಗ ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಿತು. ‘ಮುಂದೇನು ಬದಲಾಗುತ್ತದೆ’ ಎಂಬುದು ಹೀಗೆ ಪ್ರತಿ ಓದುವ ಮುನ್ನ ಪ್ರತಿ ಮಾರಲು ಹುಟ್ಟಿದ ಮಾತು. ಓದಿ ಮುಗಿಸಿದ ವಿಮರ್ಶಕ ಅದೇ ಮಾತನ್ನು ತಕ್ಕಡಿ ಮಾಡಿಕೊಂಡರೆ ಪ್ರಕಾಶಕರ ಜಾಹೀರಾತಿಗೆ ಅಂಕ ಕೊಟ್ಟಂತೆ.

ಪುಟವನ್ನು ನೋಡಿ ತೂಗುವುದು ಹೇಗೆ ಎಂದು ಕೇಳಿದರೆ ಸ್ಟೀವ್ ಡಿಟ್ಕೊ ಚಿತ್ರಿಸಿದ, 1966ರ ಫೆಬ್ರುವರಿ ದಿನಾಂಕ ಹೊತ್ತ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 33ನೇ ಸಂಚಿಕೆಯನ್ನು ತೆಗೆದುಕೊಳ್ಳಬೇಕು. ನೀರಿನಡಿಯ ನೆಲೆಯೊಂದರಲ್ಲಿ ಬೃಹತ್ ಯಂತ್ರವೊಂದು ಸ್ಪೈಡರ್-ಮ್ಯಾನ್‌ನ ಬೆನ್ನಮೇಲೆ ಕುಸಿದುಬಿದ್ದಿದೆ. ಮೇ ಅತ್ತೆಯ ಜೀವ ಉಳಿಸುವ ಔಷಧಿಯ ಡಬ್ಬಿ ಕೈಗೆಟುಕದಷ್ಟು ದೂರದಲ್ಲಿ ನೆಲದ ಮೇಲಿದೆ. ಸೂರಿನಿಂದ ನೀರು ಸೋರುತ್ತಿದೆ. ಅವನು ಎದ್ದೇ ಏಳುತ್ತಾನೆಂದು ಹತ್ತು ವರ್ಷದ ಹುಡುಗನಿಗೂ ಗೊತ್ತು. ಪತ್ರಿಕೆಯ ಹೆಸರೇ ಅವನದು. ಪರಿಣಾಮದ ದೃಷ್ಟಿಯಿಂದ ಇಲ್ಲಿ ಶೂನ್ಯ. ಆದರೂ ಡಿಟ್ಕೊ ಒಂದು ಭಾರ ಎತ್ತುವುದಕ್ಕೆ ಮೊದಲ ಐದು ಪುಟಗಳನ್ನು ಮುಡಿಪಿಡುತ್ತಾರೆ. ಮೊದಮೊದಲು ಚೌಕಟ್ಟುಗಳು ಕಿರಿದಾಗಿವೆ, ದೇಹ ಮುದುಡಿದೆ, ಯಂತ್ರದ ಕಪ್ಪು ಮೇಲಿನಿಂದ ಚೌಕಟ್ಟನ್ನೇ ಅಮುಕುತ್ತಿದೆ. ಅವನು ಒಂದು ಸಲ ಯತ್ನಿಸಿ ಸೋಲುತ್ತಾನೆ. ಮತ್ತೆ ಯತ್ನಿಸುವಾಗ ಚೌಕಟ್ಟುಗಳು ಸ್ವಲ್ಪ ಸ್ವಲ್ಪವೇ ಹಿಗ್ಗುತ್ತವೆ, ಬೆನ್ನು ಕೂದಲೆಳೆಯಷ್ಟು ನೇರವಾಗುತ್ತದೆ. ಪುಟ ತಿರುವಿದರೆ ಇಡೀ ಪುಟದ ತುಂಬ ಎದ್ದು ನಿಂತ ಮನುಷ್ಯ, ತಲೆಯ ಮೇಲೆ ಎತ್ತಿಹಿಡಿದ ಯಂತ್ರ. ಸ್ಟ್ಯಾನ್ ಲೀ ಬರೆದ ಸಂಭಾಷಣೆ ಅಲ್ಲಿ ಧಾರಾಳವಾಗಿದೆ, ಇಷ್ಟು ಬೇಕಿರಲಿಲ್ಲ ಎಂದೇ ನನಗನಿಸುತ್ತದೆ. ಮಾತನ್ನೆಲ್ಲ ಬೆರಳಿನಿಂದ ಮುಚ್ಚಿಕೊಂಡು ನೋಡಿದರೂ ಆ ಐದು ಪುಟ ಸಂಪೂರ್ಣ ಅರ್ಥವಾಗುತ್ತವೆ. ಆಗಿನ ಮಾರ್ವೆಲ್‌ನಲ್ಲಿ ಚಿತ್ರಕಾರನೇ ಮೊದಲು ಕಥೆಯನ್ನು ಪುಟಗಳಿಗೆ ಹಂಚಿ ಚಿತ್ರಿಸುತ್ತಿದ್ದ, ಸಂಭಾಷಣೆ ಆಮೇಲೆ ಸೇರುತ್ತಿತ್ತು. ಆ ಹೊತ್ತಿಗೆ ಡಿಟ್ಕೊಗೆ ಕಥೆ ಹೆಣೆದ ಶ್ರೇಯವೂ ಅಚ್ಚಿನಲ್ಲಿ ಸಿಗುತ್ತಿತ್ತು. ಇದು ಕಥೆಗಾರನ ಕೆಲಸ, ಇದು ಚಿತ್ರಕಾರನ ಕೆಲಸ ಎಂದು ಗೆರೆ ಎಳೆದು, ಮೊದಲನೆಯದಕ್ಕೆ ಹತ್ತು ಸಾಲು, ಎರಡನೆಯದಕ್ಕೆ ಒಂದು ಸಾಲು ಕೊಡುವ ವಿಮರ್ಶೆ ಈ ಕಲಾಪ್ರಕಾರ ಹುಟ್ಟಿದ ರೀತಿಗೇ ವಿರುದ್ಧ.

ಪುಟಗಳ ಖರ್ಚು ಎಂದೊಡನೆ ಒಂದು ತಪ್ಪು ಅರ್ಥಕ್ಕೆ ದಾರಿಯಾಗುತ್ತದೆ: ಪುಟಕ್ಕಿಷ್ಟು ಕಥೆ ತುರುಕಿದರೆ ಲಾಭ, ಇಲ್ಲದಿದ್ದರೆ ಮೋಸ ಎಂದು. 1962ರಲ್ಲಿ ಲೀ ಮತ್ತು ಡಿಟ್ಕೊ ಸ್ಪೈಡರ್-ಮ್ಯಾನ್‌ನ ಹುಟ್ಟಿನ ಕಥೆಯನ್ನು 11 ಪುಟಗಳಲ್ಲಿ ಮುಗಿಸಿದ್ದರು. ಜೇಡ ಕಚ್ಚುವುದು, ಕುಸ್ತಿ ಅಖಾಡ, ಬಿಟ್ಟುಕೊಟ್ಟ ಕಳ್ಳ, ಬೆನ್ ಮಾವನ ಕೊಲೆ, ಪಶ್ಚಾತ್ತಾಪ ಎಲ್ಲವೂ. 2000ದಲ್ಲಿ ಬ್ರಯನ್ ಮೈಕಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ನಲ್ಲಿ ಅದೇ ಕಥೆಗೆ ಹಲವು ಸಂಚಿಕೆ ತೆಗೆದುಕೊಂಡರು. ಅಲ್ಲಿಂದೀಚೆಗೆ ಆರಾರು ಸಂಚಿಕೆಗಳ ಕಥೆ ಬರೆದು ಆಮೇಲೆ ಅದನ್ನು ಪುಸ್ತಕವಾಗಿ ಕಟ್ಟಿ ಮಾರುವುದು ಉದ್ಯಮದ ಕ್ರಮವಾಗಿಬಿಟ್ಟಿತು. ನಿಧಾನವೇ ಅಪರಾಧವಲ್ಲ. 2024ರಲ್ಲಿ ಶುರುವಾದ ಹೊಸ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ನಲ್ಲಿ ಜೊನಾಥನ್ ಹಿಕ್‌ಮನ್ ಸ್ಪೈಡರ್-ಮ್ಯಾನ್ ಆಗುವ ಪೀಟರ್ ಪಾರ್ಕರ್‌ನನ್ನು ಹೆಂಡತಿ, ಇಬ್ಬರು ಮಕ್ಕಳಿರುವ ಮಧ್ಯವಯಸ್ಸಿನ ಹೊಸ್ತಿಲಿನ ಗೃಹಸ್ಥನನ್ನಾಗಿ ಮಾಡಿದರು. ಅದರ 4ನೇ ಸಂಚಿಕೆಯ ಬಹುಭಾಗ ಎರಡು ದಂಪತಿಗಳು ಕೂತು ಊಟ ಮಾಡುವುದು: ಪೀಟರ್, ಮೇರಿ ಜೇನ್ ಒಂದು ಕಡೆ, ಹ್ಯಾರಿ ಆಸ್‌ಬಾರ್ನ್, ಗ್ವೆನ್ ಇನ್ನೊಂದು ಕಡೆ. ಡೇವಿಡ್ ಮೆಸ್ಸಿನಾ ಅಲ್ಲಿ ಚಿತ್ರಿಸಬೇಕಾದದ್ದು ನೋಟಗಳನ್ನು. ಯಾರು ಯಾರನ್ನು ನೋಡುತ್ತಿದ್ದಾರೆ, ಯಾವ ಮಾತಿಗೆ ಯಾರು ತುಸು ತಡವಾಗಿ ನಕ್ಕರು ಎಂಬುದನ್ನು. ಗಂಡಸರಿಬ್ಬರಿಗೂ ಪರಸ್ಪರರ ಮುಖವಾಡದ ಗುಟ್ಟು ಗೊತ್ತಿರುವುದರಿಂದ ಪ್ರತಿ ಲೋಕಾಭಿರಾಮದ ಮಾತಿಗೂ ಕೆಳಗೊಂದು ಮಾತಿದೆ. ಏಟು ಬೀಳದ ಸಂಚಿಕೆ ಎಂದು ಗೊಣಗಿದವರಿದ್ದಾರೆ. ಅದೇ ಪತ್ರಿಕೆಯ ಬೇರೆ ಕೆಲವು ಸಂಚಿಕೆಗಳಲ್ಲಿ ಏಟುಗಳಿವೆ, ಓಡಾಟವಿದೆ, ಆದರೆ ಅವು ಮುಂದಿನ ತಿಂಗಳಿಗಾಗಿ ಕುರ್ಚಿ ಹಾಕಿಡುವ ಕೆಲಸ ಮಾತ್ರ ಮಾಡುತ್ತವೆ. ನಿಧಾನ ಬೇರೆ, ಪೊಳ್ಳು ಬೇರೆ. ಕಥಾಸಾರ ಬರೆಯುವ ವಿಮರ್ಶೆಗೆ ಈ ಎರಡೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಎರಡರದ್ದೂ ಸಾರ ಒಂದೇ ಸಾಲು.

ಪುಟದ ಮಟ್ಟದಲ್ಲಿ ಓದಿದರೆ ಯಾರ ಯಾರ ಕೆಲಸ ಕಣ್ಣಿಗೆ ಬೀಳುತ್ತದೆ ಎಂಬುದಕ್ಕೆ 2013ರ ‘ಹಾಕ್‌ಐ’ 11ನೇ ಸಂಚಿಕೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಮ್ಯಾಟ್ ಫ್ರ್ಯಾಕ್ಷನ್ ಬರೆದು ಡೇವಿಡ್ ಅಹಾ ಚಿತ್ರಿಸಿದ ಈ ಸಂಚಿಕೆ ಇಡಿಯಾಗಿ ಒಂದು ನಾಯಿಯ ಕಣ್ಣಿನಲ್ಲಿ, ಸರಿಯಾಗಿ ಹೇಳಬೇಕೆಂದರೆ ಮೂಗಿನಲ್ಲಿ, ನಡೆಯುತ್ತದೆ. ಮನುಷ್ಯರ ಮಾತಿನ ಗುಳ್ಳೆಗಳಲ್ಲಿ ಬಹುಪಾಲು ಗೀಚಿದ ಗೆರೆಗಳು. ನಾಯಿಗೆ ಗೊತ್ತಿರುವ ನಾಲ್ಕಾರು ಪದ ಮಾತ್ರ ಓದಲು ಸಿಗುತ್ತವೆ. ಒಬ್ಬ ಮನುಷ್ಯ ಎದುರಾದರೆ ಅವನ ಸುತ್ತ ಪುಟ್ಟ ಪುಟ್ಟ ಗುರುತುಚಿತ್ರಗಳ ಜಾಲ ಬಿಚ್ಚಿಕೊಳ್ಳುತ್ತದೆ: ಇವನ ಮೈಗೆ ಯಾವ ವಾಸನೆ, ಆ ವಾಸನೆ ಎಲ್ಲಿಯದು, ಅಲ್ಲಿ ಇನ್ಯಾರಿದ್ದರು. ಕೊಲೆಯೊಂದರ ಸುಳಿವು ನಾಯಿಗೆ ಸಿಕ್ಕುತ್ತದೆ, ಆದರೆ ಅದನ್ನು ಹೇಳಲು ಅದಕ್ಕೆ ಬಾಯಿಲ್ಲ. ನಾಯಕ ಸಂಚಿಕೆಯ ಅಂಚಿನಲ್ಲಿ ಸುಳಿದು ಹೋಗುತ್ತಾನೆ ಅಷ್ಟೇ. ಮ್ಯಾಟ್ ಹಾಲಿಂಗ್ಸ್‌ವರ್ತ್ ಬಣ್ಣಗಳನ್ನು ತಗ್ಗಿಸಿರುವುದರಿಂದ ಆ ಗುರುತುಚಿತ್ರಗಳು ಸ್ಪಷ್ಟವಾಗಿ ನಿಲ್ಲುತ್ತವೆ. ಅಕ್ಷರ ಬರೆದವರಂತೂ ಇಲ್ಲಿ ಅರ್ಧ ಕಥೆಗಾರರು. ಮರುವರ್ಷ ಇದಕ್ಕೆ ಅತ್ಯುತ್ತಮ ಬಿಡಿ ಸಂಚಿಕೆಯ ಐಸ್ನರ್ ಪ್ರಶಸ್ತಿ ಬಂತು. ಇದರ ಕಥಾಸಾರವನ್ನು ಬರೆದು ನೋಡಿ: ‘ನಾಯಿ ಕಟ್ಟಡದಲ್ಲಿ ಅಡ್ಡಾಡುತ್ತದೆ.’ ಹತ್ತಕ್ಕೆ ಎಷ್ಟು ಕೊಡುತ್ತೀರಿ? ಇದೇ ದಾರಿಯಲ್ಲಿ ಬಣ್ಣವನ್ನೇ ಕಥೆಯ ಬೆನ್ನೆಲುಬಾಗಿ ಮಾಡಿಕೊಂಡದ್ದು 2025ರ ‘ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್’. ಡೆನಿಜ್ ಕ್ಯಾಂಪ್ ಬರೆದ ಆ ಪತ್ರಿಕೆಯಲ್ಲಿ ಹಾವಿಯೆರ್ ರೊಡ್ರಿಗೆಜ್ ಜನರ ಮನಸ್ಸಿನ ಯೋಚನೆಗಳನ್ನು ತಲೆಯಿಂದೇಳುವ ಬಣ್ಣಬಣ್ಣದ ಹೊಗೆಯಾಗಿ ತೋರಿಸುತ್ತಾರೆ. ಗೆರೆ, ಬಣ್ಣ ಎರಡೂ ಒಬ್ಬರದೇ ಆದ್ದರಿಂದ ಇದು ಸಾಧ್ಯವಾಗಿದೆ.

ಈ ಅಳತೆಯನ್ನು ಈಚಿನ ಅತಿ ಜನಪ್ರಿಯ ಸಂಚಿಕೆಯೊಂದಕ್ಕೆ ಹಚ್ಚಿದರೆ ಹೊಗಳಿಕೆಯ ಜಾಗ ಬದಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ ‘ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಮೊದಲ ಸಂಚಿಕೆ ಮತ್ತೆ ಮತ್ತೆ ಮುದ್ರಣ ಕಂಡಿತು. ಸ್ಕಾಟ್ ಸ್ನೈಡರ್ ಅವರ ಈ ಆವೃತ್ತಿಯಲ್ಲಿ ಬ್ರೂಸ್ ವೇಯ್ನ್‌ಗೆ ಬಂಗಲೆಯಿಲ್ಲ, ಆಸ್ತಿಯಿಲ್ಲ. ಕೆಳವರ್ಗದ ಕೇರಿಯಲ್ಲಿ ಬೆಳೆದ ಎಂಜಿನಿಯರ್ ಅವನು. ಶಿಕ್ಷಕನಾಗಿದ್ದ ತಂದೆ ಗುಂಡಿನ ದಾಳಿಯಲ್ಲಿ ಸತ್ತಿದ್ದಾನೆ, ತಾಯಿ ಬದುಕಿದ್ದಾಳೆ. ಬಂದ ಮೆಚ್ಚುಗೆಯೆಲ್ಲ ಈ ಬದಲಾವಣೆಗಳ ಪಟ್ಟಿಗೇ ಹೋಯಿತು. ‘ಬ್ಯಾಟ್‌ಮ್ಯಾನ್ ಬಡವನಾದರೆ?’ ಎಂಬುದು ಒಳ್ಳೆಯ ಪ್ರಶ್ನೆ ನಿಜ, ಆದರೆ ಅದು ಪ್ರಕಾಶಕರ ಪಟ್ಟಿಯಲ್ಲಿನ ಆ ಎರಡು ಸಾಲಿನಲ್ಲೇ ಮುಗಿದುಹೋಗುತ್ತದೆ. ಅದು ಪುಟವಾಗುವುದು ಚಿತ್ರಕಾರ ನಿಕ್ ಡ್ರಗಾಟ ಕೈಯಲ್ಲಿ. ಅವರು ಬ್ಯಾಟ್‌ಮ್ಯಾನ್‌ನನ್ನು ಚೌಕಟ್ಟಿಗೆ ಹಿಡಿಸದಷ್ಟು ದಪ್ಪಗೆ, ಲಾರಿಯಂತೆ ಬರೆದಿದ್ದಾರೆ. ಎದೆಯ ಮೇಲಿನ ಬಾವಲಿ ಲಾಂಛನ ಕಿತ್ತು ಹಿಡಿದರೆ ಕೊಡಲಿಯಾಗುತ್ತದೆ. ಸಣ್ಣ ಚೌಕಟ್ಟುಗಳನ್ನು ಒತ್ತೊತ್ತಾಗಿ ಪೇರಿಸಿ, ಓದುಗನಿಗೆ ಉಸಿರುಕಟ್ಟಿಸಿ, ಆಮೇಲೆ ಆ ಆಕೃತಿಯನ್ನು ಪುಟದ ತುಂಬ ಬಿಡುತ್ತಾರೆ. ದುಡ್ಡಿನಿಂದ ಕೊಂಡ ಉಪಕರಣಗಳಿಲ್ಲದವನಿಗೆ ಮೈಯೇ ಉಪಕರಣ ಎಂಬುದು ಚಿತ್ರದಲ್ಲೇ ತಿಳಿಯುತ್ತದೆ. ಇದೇ ಕಾರಣಕ್ಕೆ ಸಂಚಿಕೆಯ ದೋಷವೂ ಕಾಣುತ್ತದೆ. ದೂರದಿಂದ ಬ್ರೂಸ್‌ನನ್ನು ಗಮನಿಸುವ ಗೂಢಚಾರ ಆಲ್‌ಫ್ರೆಡ್‌ನ ನಿರೂಪಣೆ, ಡ್ರಗಾಟ ಆಗಲೇ ತೋರಿಸಿ ಮುಗಿಸಿದ್ದನ್ನು ಮತ್ತೆ ವಿವರಿಸುತ್ತ ಕೂರುತ್ತದೆ. ಆ ನಿರೂಪಣೆಯ ಪೆಟ್ಟಿಗೆಗಳಲ್ಲಿ ಮೂರರಲ್ಲೊಂದನ್ನು ಕತ್ತರಿಸಿದ್ದರೆ ಸಂಚಿಕೆಗೆ ನಷ್ಟವಾಗುತ್ತಿರಲಿಲ್ಲ.

ಈ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಸಂಚಿಕೆ ಧಾರಾವಾಹಿಯ ಒಂದು ಕಂತು, ಆರು ಸಂಚಿಕೆ ಸೇರಿ ಪುಸ್ತಕವಾದ ಮೇಲೆ ನೋಡಬೇಕಾದದ್ದನ್ನು ಬಿಡಿಬಿಡಿಯಾಗಿ ತೂಗುವುದು ಅನ್ಯಾಯ ಎಂಬುದು. ಆದರೆ ಪ್ರಕಾಶಕರು ಬಿಡಿಯಾಗಿ 3.99 ಅಥವಾ 4.99 ಡಾಲರ್ ವಸೂಲು ಮಾಡುವಾಗ ‘ಇದು ಬರೀ ಒಂದು ತುಂಡು’ ಎಂದು ರಿಯಾಯಿತಿ ಕೊಡುವುದಿಲ್ಲ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ 10 ಸೆಂಟಿಗೆ 64 ಪುಟ ಕೊಡುತ್ತಿತ್ತು ಎಂಬುದನ್ನೂ ನೆನೆಯಬಹುದು. ಹಣದ ಮಾತು ಬಿಟ್ಟು ಕಲೆಯ ಮಾತಿಗೇ ಬಂದರೂ ಈ ಆಕ್ಷೇಪ ನಿಲ್ಲುವುದಿಲ್ಲ. ಪುಸ್ತಕವಾಗಿ ಓದಬೇಕು ಎಂದೇ ಎಲ್ಲರೂ ಶಿಫಾರಸು ಮಾಡುವ ‘ವಾಚ್‌ಮೆನ್’ 1986-87ರಲ್ಲಿ 12 ಬಿಡಿ ಸಂಚಿಕೆಗಳಾಗಿ ಬಂತು. ಅದರ 5ನೇ ಸಂಚಿಕೆಯನ್ನು ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಕನ್ನಡಿಯಂತೆ ಕಟ್ಟಿದ್ದಾರೆ. ಮೊದಲ ಪುಟದ ವಿನ್ಯಾಸ ಕೊನೆಯ ಪುಟದಲ್ಲಿ, ಎರಡನೆಯದರದ್ದು ಕೊನೆಯಿಂದ ಎರಡನೆಯದರಲ್ಲಿ ಪ್ರತಿಬಿಂಬಿಸುತ್ತ ಬಂದು, ನಟ್ಟನಡುವಿನ ಎರಡು ಪುಟಗಳಲ್ಲಿ ಏಡ್ರಿಯನ್ ವೀಟ್ ತನ್ನ ಮೇಲೆರಗಿದವನಿಗೆ ಏಟು ಕೊಡುವ ದೃಶ್ಯಕ್ಕೆ ಕೂಡಿಕೊಳ್ಳುತ್ತವೆ. ಬಿಡಿ ಸಂಚಿಕೆಯ ಆದಿ ಅಂತ್ಯಗಳನ್ನು ಗಟ್ಟಿಯಾಗಿ ನಂಬದೆ ಇದನ್ನು ಮಾಡಲು ಬರುವುದಿಲ್ಲ. ಬಿಡಿ ಕಂತನ್ನು ಅದರದೇ ಬಲದ ಮೇಲೆ ತೂಗುವುದು ಯಕ್ಷಗಾನ ನೋಡುವವರಿಗೆ ಹೊಸ ಮಾತೂ ಅಲ್ಲ. ಕರ್ಣ ಸಾಯುತ್ತಾನೆಂಬುದು ಪ್ರಸಂಗ ರಂಗವೇರುವ ಮೊದಲೇ ಗೊತ್ತು, ನಾಳೆ ಇನ್ನೊಂದೂರಿನಲ್ಲಿ ಅವನೇ ಮತ್ತೆ ಎದ್ದು ರಥ ಏರುತ್ತಾನೆ. ಮನೆಗೆ ಮರಳುವಾಗ ಮಾತಾಡಿಕೊಳ್ಳುವುದು ಇವತ್ತಿನ ಕರ್ಣ ಶಲ್ಯನಿಗೆ ಕೊಟ್ಟ ಉತ್ತರ ಹೇಗಿತ್ತು ಎಂಬುದನ್ನು.

ಪಾತ್ರಗಳ ಹಿಂದಿನ ಚರಿತ್ರೆ ಏನೂ ಅಲ್ಲವೇ, ದಶಕಗಳಿಂದ ಜೊತೆಗೆ ನಡೆದುಬಂದ ಓದುಗನ ನೆನಪಿಗೆ ಬೆಲೆಯಿಲ್ಲವೇ ಎಂದರೆ, ಖಂಡಿತ ಇದೆ. ಆ ಊಟದ ಸಂಚಿಕೆ ಅಷ್ಟು ಬಿಗಿಯಾಗಿರುವುದೇ 1973ರ ಸೇತುವೆ ಓದುಗನ ತಲೆಯಲ್ಲಿರುವುದರಿಂದ. ಹಳೆಯ ಲೋಕದಲ್ಲಿ ಸತ್ತ ಗ್ವೆನ್ ಈ ಲೋಕದಲ್ಲಿ ಹ್ಯಾರಿಯ ಹೆಂಡತಿಯಾಗಿ ಎದುರು ಕೂತಿದ್ದಾಳೆ. ಆದರೆ ಅಲ್ಲಿ ಚರಿತ್ರೆ ಕಚ್ಚಾ ಸಾಮಗ್ರಿ. ಇಂಥ ಸಂಚಿಕೆ ಹಳೆಯದಕ್ಕೆ ಹೊಂದುತ್ತದೋ ಇಲ್ಲವೋ ಎಂದು ತಾಳೆ ನೋಡುವುದು ಗುಮಾಸ್ತರ ಕೆಲಸ, ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಇನ್ನು, ಇದೆಲ್ಲ ಬರೀ ರೂಪದ ಚರ್ಚೆಯಾಯಿತು, ರಾಜಕೀಯ ಎಲ್ಲಿ ಹೋಯಿತು ಎಂಬ ಪ್ರಶ್ನೆ. ಕಮಲಾ ಖಾನ್ ವಿಷಯಕ್ಕೇ ಮರಳಿದರೆ ಇದಕ್ಕೆ ಉತ್ತರವಿದೆ. 2014ರಲ್ಲಿ ಜಿ. ವಿಲೋ ವಿಲ್ಸನ್ ಮತ್ತು ಏಡ್ರಿಯನ್ ಅಲ್ಫೋನಾ ಅವಳ ಪತ್ರಿಕೆ ಶುರುಮಾಡಿದಾಗ ‘ಮೊದಲ ಮುಸ್ಲಿಂ ನಾಯಕಿ’ ಎಂಬ ತಲೆಬರಹ ಎಲ್ಲ ಕಡೆ ಬಂತು. ಅದು ಸುದ್ದಿ. ಪುಟಗಳಲ್ಲಿ ಇದ್ದದ್ದು ಬೇರೆ: ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಮನೆಯೊಂದರ ಒಳಗು, ಅಲ್ಫೋನಾ ಹಿನ್ನೆಲೆಯ ಮೂಲೆಮೂಲೆಗಳಲ್ಲಿ ತುಂಬಿದ ತಮಾಷೆಗಳು, ಮೈಯನ್ನು ಬೇಕಾದಂತೆ ಹಿಗ್ಗಿಸಬಲ್ಲ ಹುಡುಗಿ ಮೊದಲು ಬೆಳ್ಳಗಿನ, ಹೊಂಬಣ್ಣದ ಕೂದಲಿನ ನಾಯಕಿಯ ರೂಪ ತಾಳಿ ಅದು ತನಗೆ ಒಗ್ಗದೆ ಒದ್ದಾಡುವುದು. ಅವಳಿಗೆ ಅಲ್ಲಿ ಮನೆಯಿತ್ತು. 2023ರ ಸಾವಿನ ಸಂಚಿಕೆಯಲ್ಲಿ ಅವಳು ಅತಿಥಿ. ಅಂಚಿನ ಸಮುದಾಯದ ಪಾತ್ರವನ್ನು ಒಂದು ಸಂಸ್ಥೆ ಹೇಗೆ ನಡೆಸಿಕೊಂಡಿತು ಎಂದು ಕೇಳುವವರಿಗೆ ಈ ಎರಡೂ ಕಡೆಯ ಚೌಕಟ್ಟುಗಳನ್ನು ಎಣಿಸುವುದಕ್ಕಿಂತ ಗಟ್ಟಿ ಪುರಾವೆ ಬೇರೆ ಸಿಗದು.

ನಮ್ಮ ಕಡೆಯ ಓದುಗರಿಗೆ ಪುಟ ನೋಡುವ ಅಭ್ಯಾಸ ಕಡಿಮೆ ಇರುವುದಕ್ಕೆ ಒಂದು ಹಿನ್ನೆಲೆಯೂ ಇದೆ. ಇಲ್ಲಿ ಒಂದು ತಲೆಮಾರು ವೇಷಧಾರಿ ವೀರರನ್ನು ಕಂಡದ್ದು 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ. ಅದರ ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳು ಮೂಲತಃ ದಿನಪತ್ರಿಕೆಗಳ ಪಟ್ಟಿಚಿತ್ರಗಳು. ಪುಸ್ತಕದ ಅಳತೆಗೆ ಕೂರಿಸಲು ಚೌಕಟ್ಟುಗಳನ್ನು ಕತ್ತರಿಸಿ, ಬಿಟ್ಟು, ಹೊಸದಾಗಿ ಜೋಡಿಸುತ್ತಿದ್ದರು. ಆ ಪುಟಕ್ಕೆ ಕರ್ತೃ ಎಂದರೆ ಸಂಪಾದಕರ ಕತ್ತರಿ. ಅದನ್ನು ಕಥೆಗಾಗಿ ಓದುವುದೇ ಸಹಜವಾಗಿತ್ತು. ಈಗ ಬೆಂಗಳೂರಿನಲ್ಲಿ ಕೂತು ಹೊಸ ಸಂಚಿಕೆ ಓದುವವರ ಸ್ಥಿತಿ ಬೇರೆ. ಆಮದಾದ ಬಿಡಿ ಪ್ರತಿ ದುಬಾರಿ. ಮಾರ್ವೆಲ್‌ನ ಚಂದಾ ಆ್ಯಪಿನಲ್ಲಿ ಹೊಸ ಸಂಚಿಕೆ ಸೇರುವುದು ಅಂಗಡಿಗೆ ಬಂದ ಸುಮಾರು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಯಾರು ಸತ್ತರು, ಯಾರು ಎದ್ದುಬಂದರು, ಯಾರ ಮುಖವಾಡ ಕಳಚಿತು ಎಲ್ಲವೂ ಲೋಕಕ್ಕೆ ಗೊತ್ತಾಗಿರುತ್ತದೆ. ತಡವಾಗಿ ಓದುವುದು ನಷ್ಟವೆಂದು ಕೊರಗುವವರಿದ್ದಾರೆ. ನನಗೆ ಇದು ವಿಮರ್ಶೆಗೆ ಬಹಳ ಅನುಕೂಲದ ಜಾಗವೆನಿಸುತ್ತದೆ. ಸುದ್ದಿ ಹಳಸಿದ ಮೇಲೂ ಒಂದು ಸಂಚಿಕೆ ಓದಿಸಿಕೊಂಡರೆ ಅದರ ಪುಟಗಳಲ್ಲಿ ಏನೋ ಇದೆ ಎಂದೇ ಅರ್ಥ. ತೊಡಕಿರುವುದು ಪರದೆಯಲ್ಲಿ. ಫೋನಿನಲ್ಲಿ ಆ್ಯಪುಗಳು ಒಂದೊಂದೇ ಚೌಕಟ್ಟನ್ನು ಹಿಗ್ಗಿಸಿ ತೋರಿಸುತ್ತವೆ, ಆಗ ಡಿಟ್ಕೊನ ಕಿರಿದಾದ ಚೌಕಟ್ಟೂ ದೊಡ್ಡ ಚೌಕಟ್ಟೂ ಅಂಗೈಯಗಲದ ಒಂದೇ ಗಾತ್ರಕ್ಕೆ ಬಂದುಬಿಡುತ್ತವೆ. ಆ ಸೌಲಭ್ಯವನ್ನು ಬಂದ್ ಮಾಡಿ, ಎದುರುಬದುರು ಪುಟಗಳೆರಡೂ ಒಟ್ಟಿಗೆ ಕಾಣುವಂತೆ ದೊಡ್ಡ ಪರದೆಯನ್ನು ಅಡ್ಡ ಹಿಡಿದು ಓದುವುದೇ ಒಳ್ಳೆಯದು.